ಹೊಸ ಫೋರ್‌ವೀಲ್ ಗಾಡಿಯನ್ನು ಪಳಗಿಸುವ ಕ್ರಮ

ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಫೋರ್‌ವೀಲ್ ಡ್ರೈವ್ ಗಾಡಿ ಶೋಕಿಯ ವಸ್ತುವಲ್ಲ. ಆಷಾಢದ ಮಳೆಯಲ್ಲಿ ಕೆಸರಿನ ಏರು ಹತ್ತಿ ಮನೆ ಮುಟ್ಟಬೇಕಾದರೆ ಅದು ಬೇಕೇ ಬೇಕು. ಒಮ್ಮೆ ಕೊಂಡ ಗಾಡಿಯನ್ನು ಹದಿನೈದಿಪ್ಪತ್ತು ವರ್ಷ ದುಡಿಸುವ ಈ ಸೀಮೆಯಲ್ಲಿ, ಮೊದಲ 1,000 ಕಿ.ಮೀ. ಅದನ್ನು ಹೇಗೆ ಓಡಿಸಿದೆವು ಎನ್ನುವುದು ಮುಂದಿನ ರಿಪೇರಿಯ ಖರ್ಚಿನಲ್ಲಿ ಎದ್ದು ಕಾಣುತ್ತದೆ. ಹೊಸ ಎಂಜಿನ್ನಿನ ವಿಷಯದಲ್ಲಿ ಬಹುತೇಕರು ಜಾಗರೂಕರಾಗಿಯೇ ಇರುತ್ತಾರೆ. ಆದರೆ ಇಂಥ ಗಾಡಿಯಲ್ಲಿ ಎಂಜಿನ್, ಗೇರ್‌ಬಾಕ್ಸ್‌ಗಳ ಜೊತೆಗೆ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಎಡಬಲದ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮುಂದೊಂದು ಹಿಂದೊಂದು, ಅಲ್ಲಿಗೆ ಶಕ್ತಿ ಒಯ್ಯುವ ಎರಡು ಪ್ರೊಪೆಲ್ಲರ್ ಶಾಫ್ಟ್ ಇರುತ್ತವೆ. ಅವುಗಳ ಹಲ್ಲು, ಬೇರಿಂಗು, ಸೀಲುಗಳೂ ಅಷ್ಟೇ ಹೊಸವು ಎಂಬುದು ಮರೆತುಹೋಗುತ್ತದೆ.

ಮಹೀಂದ್ರ ಥಾರ್‌ನ ಫೋರ್‌ವೀಲ್ ಮಾದರಿ, ಮಾರುತಿ ಜಿಮ್ನಿ, ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈಲಕ್ಸ್ ಇವುಗಳಂತೆ ಚಾಲಕನೇ ಬೇಕೆಂದಾಗ ಫೋರ್‌ವೀಲ್ ಹಾಕಿ, ಬೇಡವಾದಾಗ ತೆಗೆಯುವ ಗಾಡಿಗಳಿಗೆ ಇಲ್ಲಿನ ಕ್ರಮ ಅನ್ವಯಿಸುತ್ತದೆ. ಸದಾಕಾಲ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗಳ ರಚನೆಯೇ ಬೇರೆ.

ಷೋರೂಮಿನ ಅಂಗಳದಲ್ಲೇ ನೋಡಬೇಕಾದ್ದು

ಕೀಲಿ ಕೈಗೆ ಬಂದ ಕೂಡಲೇ ಹೊರಡಬಾರದು. ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಮಟ್ಟವನ್ನು ನೋಡಿ, ಬಗ್ಗಿ ಎರಡೂ ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸಿನ ತಳದಲ್ಲಿ ಆಯಿಲ್ ಜಿನುಗಿದೆಯೇ ಎಂದು ಟಾರ್ಚ್ ಹಾಕಿ ಪರೀಕ್ಷಿಸಬೇಕು. ಗೋದಾಮಿನಲ್ಲಿ ನಿಂತಿದ್ದ ಗಾಡಿಗಳ ಟೈರಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಗಾಳಿ ಇರುವುದುಂಟು. ಚಾಲಕನ ಬಾಗಿಲಿನ ಬಳಿಯ ಪಟ್ಟಿಯಲ್ಲಿ ಬರೆದಿರುವ ಪ್ರಮಾಣಕ್ಕೆ ಅದನ್ನು ಇಳಿಸಬೇಕು. ಅಂಗಳದಲ್ಲಿ ಮಣ್ಣಿನ ಜಾಗವಿದ್ದರೆ 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ, ಸಾಮಾನ್ಯ ವೇಗ) ಮತ್ತು 4ಎಲ್ (ನಾಲ್ಕೂ ಚಕ್ರಕ್ಕೆ ಶಕ್ತಿ, ನಿಧಾನ ಆದರೆ ಹೆಚ್ಚು ಬಲ) ಎರಡನ್ನೂ ಒಮ್ಮೆ ಹಾಕಿಸಿ, ಮೀಟರಿನಲ್ಲಿ ದೀಪ ಹೊತ್ತುವುದನ್ನೂ, ತೆಗೆದಾಗ ಆರುವುದನ್ನೂ ಕಣ್ಣಾರೆ ನೋಡುವುದು ಒಳ್ಳೆಯದು.

ಗಾಡಿಯೊಂದಿಗೆ ಬರುವ ಪುಸ್ತಕವನ್ನು ಅಂದೇ ಓದಬೇಕು. ಟೊಯೊಟಾ ಕಂಪನಿಯ ಪುಸ್ತಕ, ಮೊದಲ 300 ಕಿ.ಮೀ. ಗಕ್ಕನೆ ಬ್ರೇಕ್ ಹಾಕಬೇಡಿ, 800 ಕಿ.ಮೀ. ಆಗುವವರೆಗೆ ಟ್ರೇಲರ್ ಎಳೆಯಬೇಡಿ, 1,000 ಕಿ.ಮೀ. ತನಕ ಅತಿ ವೇಗವೂ ಬೇಡ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸುವುದೂ ಬೇಡ ಎಂದು ಹೇಳುತ್ತದೆ. ಬೇರೆ ಕಂಪನಿಗಳ ಅಂಕಿಗಳು ಸ್ವಲ್ಪ ಆಚೀಚೆ ಇದ್ದರೂ ಧೋರಣೆ ಇದೇ. ಪುಸ್ತಕದ ಮಾತಿಗೂ ಈ ಲೇಖನದ ಮಾತಿಗೂ ಎಲ್ಲಾದರೂ ವ್ಯತ್ಯಾಸ ಕಂಡರೆ ಪುಸ್ತಕವನ್ನೇ ಅನುಸರಿಸಬೇಕು.

ಮನೆಗೆ ತರುವ ದಾರಿ

ಬೆಂಗಳೂರಿನಲ್ಲಿ ಗಾಡಿ ಪಡೆದವರು ಮೈಸೂರಿನ ಹೊಸ ಹೆದ್ದಾರಿಗೆ ಇಳಿದು, ಕ್ರೂಸ್ ಕಂಟ್ರೋಲ್ ಹಾಕಿ, ಒಂದೇ ವೇಗದಲ್ಲಿ ಓಡಿಸಿಕೊಂಡು ಬರುತ್ತಾರೆ. ಹೊಸ ಎಂಜಿನ್ನಿಗೆ ಇದು ಹಿತವಲ್ಲ. ಸಿಲಿಂಡರಿನ ಒಳಗೋಡೆಯ ಮೇಲೆ ಕಾರ್ಖಾನೆಯಲ್ಲೇ ಅಡ್ಡಡ್ಡವಾಗಿ ಬಹಳ ಸಣ್ಣ ಗೀರುಗಳನ್ನು ಹಾಕಿರುತ್ತಾರೆ. ಪಿಸ್ಟನ್ ರಿಂಗುಗಳು ಆ ಗೀರುಗಳ ಏಣನ್ನು ಸವೆಸುತ್ತ ಗೋಡೆಗೆ ಸರಿಯಾಗಿ ಕೂರಬೇಕು. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದರಲ್ಲಿ ಉರಿಯುವ ಅನಿಲದ ಒತ್ತಡದ್ದೇ ದೊಡ್ಡ ಪಾಲು. ಎಂಜಿನ್ನಿನ ಮೇಲೆ ಹದವಾದ ಹೊರೆ ಬೀಳದೆ ಆ ಒತ್ತಡ ಬರುವುದಿಲ್ಲ. ಹೊರೆ ಏರುತ್ತ ಇಳಿಯುತ್ತ ಇರುವ ರಸ್ತೆ ಇದಕ್ಕೆ ಸೂಕ್ತ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಮಡಿಕೇರಿಗೆ ಹತ್ತುವ ರಸ್ತೆಯಲ್ಲಿ ಗೇರು ಬದಲಿಸುತ್ತಲೇ ಇರಬೇಕಾಗುತ್ತದೆ. ಪಳಗಿಸುವವರಿಗೆ ಬೇಕಾದದ್ದೂ ಅದೇ.

ಡೀಸೆಲ್ ಎಂಜಿನ್ನನ್ನು ಮೊದಲ 1,000 ಕಿ.ಮೀ. ಸುಮಾರು 1,500ರಿಂದ 2,500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ನಡುವೆ, ಪೆಟ್ರೋಲ್ ಎಂಜಿನ್ನನ್ನು 3,500 ದಾಟದಂತೆ ಓಡಿಸಿದರೆ ಸಾಕು. ತೀರ ಕಡಿಮೆ ಆರ್‌ಪಿಎಂನಲ್ಲಿ, ಮೇಲಿನ ಗೇರಿನಲ್ಲಿ ಎಂಜಿನ್ ತಿಣುಕುವಂತೆ ಏರು ಹತ್ತಿಸುವುದು ವೇಗದಷ್ಟೇ ಕೆಟ್ಟದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಂತಲ್ಲೇ ಬಿಸಿ ಮಾಡುವ ಹಳೆಯ ರೂಢಿಯನ್ನು ಬಿಡಬೇಕು. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಟರೆ ಎಂಜಿನ್ ಓಡುತ್ತಲೇ ಬಿಸಿಯಾಗುತ್ತದೆ. ಗೊಬ್ಬರದ ಮೂಟೆ ತುಂಬುವಷ್ಟು ಹೊತ್ತೂ ಎಂಜಿನ್ ಚಾಲೂ ಇಡುವುದು ತೋಟಗಳಲ್ಲಿ ಸಾಮಾನ್ಯ. ಹೊರೆಯಿಲ್ಲದೆ ಗಂಟೆಗಟ್ಟಲೆ ಓಡಿದ ಹೊಸ ಎಂಜಿನ್ನಿನ ಗೋಡೆ ನುಣುಪಾಗಿ, ರಿಂಗು ಕೂರದೆ, ಆಯಿಲ್ ಕುಡಿಯುವುದು ಶುರುವಾದರೆ ಅದನ್ನು ಮತ್ತೆ ಬಿಡಿಸುವುದು ಕಷ್ಟ. ಟರ್ಬೊ ಇರುವ ಗಾಡಿ ಘಾಟಿ ಹತ್ತಿ ಬಂದು ನಿಂತಾಗ ಮಾತ್ರ ಒಂದು ನಿಮಿಷ ಹಾಗೆಯೇ ಬಿಟ್ಟು ಆಮೇಲೆ ಆಫ್ ಮಾಡಬೇಕು.

ಬ್ರೇಕ್ ಪ್ಯಾಡ್‌ಗಳೂ ಡಿಸ್ಕ್‌ಗಳೂ ಒಂದಕ್ಕೊಂದು ಹೊಂದಿಕೊಳ್ಳಲು ಕೆಲವು ನೂರು ಕಿ.ಮೀ. ಬೇಕು. ಹೊಸ ಟೈರಿನ ಮೇಲ್ಮೈಯೂ ಆರಂಭದಲ್ಲಿ ಜಾರುತ್ತದೆ. ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ನಿಲ್ಲಿಸುವ ಅಭ್ಯಾಸವಿದ್ದರೆ ಹ್ಯಾಂಡ್‌ಬ್ರೇಕ್ ಬಳಸುವುದನ್ನು ಈಗಲೇ ರೂಢಿಸಿಕೊಳ್ಳಬೇಕು.

ಫೋರ್‌ವೀಲ್ ಪಳಗಿಸುವುದು

ಮೊದಲ 300ರಿಂದ 500 ಕಿ.ಮೀ. ತನಕ 2ಎಚ್‌ನಲ್ಲೇ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ) ಓಡಿಸಿ, ಹಿಂದಿನ ಡಿಫರೆನ್ಷಿಯಲ್ಲಿನ ಕ್ರೌನ್ ಮತ್ತು ಪಿನಿಯನ್ ಎಂಬ ಜೋಡಿ ಗೇರುಗಳು ಹೊಂದಿಕೊಳ್ಳಲು ಬಿಡುವುದು ನನಗೆ ಸರಿಯೆನಿಸುವ ಕ್ರಮ. ಈ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜಾರುತ್ತವೆ ಕೂಡ. ಹಾಗಾಗಿ ಹೊಸದರಲ್ಲಿ ಹೆಚ್ಚು ಬಿಸಿಯಾಗುತ್ತವೆ. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಓಡಿಸಿ, ಕಾಫಿಗೆಂದು ನಿಲ್ಲಿಸಿ, ತಣಿಯಲು ಬಿಟ್ಟು ಮತ್ತೆ ಹೊರಟರೆ ಹಲ್ಲಿಗೂ ಆಯಿಲಿಗೂ ಅನುಕೂಲ.

ಅನಂತರ ಜಲ್ಲಿ ರಸ್ತೆಯೋ ಒದ್ದೆ ಮಣ್ಣಿನ ರಸ್ತೆಯೋ ಸಿಕ್ಕಲ್ಲಿ 4ಎಚ್ ಹಾಕಿ, 30–40 ಕಿ.ಮೀ. ವೇಗದಲ್ಲಿ ಐದಾರು ಕಿ.ಮೀ. ಓಡಿಸಬೇಕು. ಕೆಲವು ದಿನಗಳ ಅಂತರದಲ್ಲಿ ಇದನ್ನು ಪುನರಾವರ್ತಿಸಿದರೆ, ಅಷ್ಟುದಿನ ಹೊರೆಯಿಲ್ಲದೆ ಇದ್ದ ಮುಂದಿನ ಡಿಫರೆನ್ಷಿಯಲ್ ಮತ್ತು ಶಾಫ್ಟ್‌ಗಳಿಗೆ ಹಗುರವಾದ ಕೆಲಸ ಸಿಗುತ್ತದೆ. 4ಎಲ್ ಹಾಕುವಾಗ ಗಾಡಿಯನ್ನು ಪೂರ್ತಿ ನಿಲ್ಲಿಸಿ, ಪುಸ್ತಕ ಹೇಳಿದಂತೆ ಕ್ಲಚ್ ತುಳಿದು ಅಥವಾ ನ್ಯೂಟ್ರಲ್‌ನಲ್ಲಿಟ್ಟು ಬದಲಿಸಬೇಕು. ತೋಟದ ಸಣ್ಣ ಇಳಿಜಾರಿನಲ್ಲಿ ನಾಲ್ಕೈದು ನಿಮಿಷ ಓಡಿಸಿದರೆ ಸದ್ಯಕ್ಕೆ ಸಾಕು. ಕೆಸರಿನಲ್ಲಿ ಹೂತ ಟ್ರ್ಯಾಕ್ಟರನ್ನು ಎಳೆಯಲು ಹೊಸ ಗಾಡಿಯನ್ನು ಕಳುಹಿಸುವ ಕಾಲ ಇದಲ್ಲ.

ಒಣಗಿದ ಟಾರು ರಸ್ತೆಯಲ್ಲಿ ಮಾತ್ರ 4ಎಚ್ ಹಾಕಲೇಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹಾಕುತ್ತವೆ, ಆದರೆ ಟ್ರಾನ್ಸ್‌ಫರ್ ಕೇಸ್ ಎರಡೂ ಶಾಫ್ಟ್‌ಗಳನ್ನು ಒಂದೇ ವೇಗಕ್ಕೆ ಬಿಗಿದಿರುತ್ತದೆ. ಮಣ್ಣಿನಲ್ಲಾದರೆ ಟೈರು ಜಾರಿ ಆ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಟಾರು, ಕಾಂಕ್ರೀಟಿನ ಹಿಡಿತ ಜಾರಲು ಬಿಡುವುದಿಲ್ಲ. ಸಿಮೆಂಟಿನ ಕಣದಲ್ಲಿ 4ಎಚ್‌ನಲ್ಲೇ ಗಾಡಿ ತಿರುಗಿಸಿ ನೋಡಿದವರಿಗೆ ಇದು ಗೊತ್ತು: ಸ್ಟೀರಿಂಗ್ ಬಿಗಿಯಾಗುತ್ತದೆ, ಯಾರೋ ಬ್ರೇಕ್ ಹಿಡಿದಂತೆ ಗಾಡಿ ತಡೆಯುತ್ತದೆ, ಆಮೇಲೆ ಟೈರು ದಡಕ್ಕನೆ ನೆಗೆಯುತ್ತದೆ. ಆ ತಿರುಚುವ ಬಲವನ್ನೆಲ್ಲ ಹೊಸ ಹಲ್ಲು ಮತ್ತು ಜಾಯಿಂಟುಗಳೇ ತಾಳಿಕೊಳ್ಳಬೇಕು. ಹೀಗಾಗಿ 4ಎಚ್‌ನಿಂದ ಬಿಡಿಸಲು ಬಾರದಿದ್ದರೆ ಬಲವಂತ ಮಾಡದೆ, ನೇರವಾಗಿ ಕೆಲವು ಮೀಟರ್ ಹಿಂದಕ್ಕೆ ಓಡಿಸಿದರೆ ಬಿಗಿ ಸಡಿಲವಾಗುತ್ತದೆ.

ಡೀಸೆಲ್ ಗಾಡಿಯವರಿಗೆ ಇನ್ನೊಂದು ಮಾತು

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಎಂಬ ಹೊಗೆ ನಿಯಂತ್ರಣ ನಿಯಮದ ಡೀಸೆಲ್ ಗಾಡಿಗಳ ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಹಿಡಿದ ಮಸಿಯನ್ನು ಗಾಡಿ ಆಗಾಗ ತಾನೇ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟುಕೊಳ್ಳುತ್ತದೆ. ಮನೆಯಿಂದ ಕಣಕ್ಕೆ, ಕಣದಿಂದ ಕಾರ್ಮಿಕರ ಲೈನ್‌ಮನೆಗೆ ಒಂದೆರಡು ಕಿ.ಮೀ. ಮಾತ್ರ ಓಡುವ ಗಾಡಿಯಲ್ಲಿ ಆ ಶಾಖ ಹುಟ್ಟುವುದೇ ಇಲ್ಲ. ಸುಡುವ ಕೆಲಸ ಅರ್ಧಕ್ಕೆ ನಿಂತಾಗ, ಅದಕ್ಕೆಂದು ಸಿಂಪಡಿಸಿದ ಹೆಚ್ಚುವರಿ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಸಂತೋಷಪಡದೆ ಸರ್ವಿಸಿಗೆ ಒಯ್ಯಬೇಕು. ವಾರಕ್ಕೊಮ್ಮೆಯಾದರೂ ಪೇಟೆಗೆ ಹೋಗುವ ನೆವದಲ್ಲಿ 60 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿದರೆ ಈ ತೊಂದರೆ ಬಾರದು.

ಮೊದಲ ಸರ್ವಿಸ್, ಮತ್ತು ಆಮೇಲೆ

ಮೊದಲ ಸರ್ವಿಸಿನ ದಿನ ಎಂಜಿನ್ ಆಯಿಲ್ ಬಗ್ಗೆ ಮಾತ್ರವಲ್ಲದೆ ಡಿಫರೆನ್ಷಿಯಲ್ ಆಯಿಲ್ ಬಗ್ಗೆಯೂ ಕೇಳಬೇಕು. ಪುಸ್ತಕದ ಅವಧಿ ದೂರವಿದ್ದರೂ, ತೋಟದಲ್ಲಿ ದುಡಿಯುವ ಗಾಡಿಗೆ 5,000 ಕಿ.ಮೀ. ಹೊತ್ತಿಗೆ ಎರಡೂ ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸಿನ ಆಯಿಲನ್ನು ಒಮ್ಮೆ ಬದಲಿಸುವುದು ದಂಡದ ಖರ್ಚಲ್ಲ. ಕಂಪನಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸಿ, ವಾರಂಟಿಗಾಗಿ ರಸೀದಿ ಇಟ್ಟುಕೊಳ್ಳಬೇಕು. ಆಯಿಲ್ ಇಳಿಸುವಾಗ ಹತ್ತಿರ ನಿಂತಿರಿ. ಡ್ರೈನ್ ಪ್ಲಗ್ಗಿನಲ್ಲಿ ಅಯಸ್ಕಾಂತವಿದ್ದರೆ ಅದರ ತುದಿಗೆ ಬೂದುಬಣ್ಣದ ನುಣುಪು ಲೇಪ ಅಂಟಿರುತ್ತದೆ. ಬೆರಳಲ್ಲಿ ಉಜ್ಜಿದಾಗ ಅದು ಕಾಡಿಗೆಯಂತೆ ಹರಡಿದರೆ ಹಲ್ಲುಗಳು ಸಹಜವಾಗಿ ಪಳಗಿವೆ. ಚೂರುಗಳು ಕೈಗೆ ಚುಚ್ಚಿದರೆ ವಾರಂಟಿಯೊಳಗೇ ಬಿಚ್ಚಿಸಿ ನೋಡಿಸಬೇಕು. ಆಯಿಲ್ ಹಾಲು ಬೆರೆಸಿದಂತೆ ಬಿಳಿಚಿಕೊಂಡಿದ್ದರೆ ನೀರು ಸೇರಿದೆ ಎಂದೇ ತಿಳಿಯಬೇಕು. ಬಿಸಿಯಾದ ಡಿಫರೆನ್ಷಿಯಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಅದರ ಗಾಳಿಕೊಳವೆ ಕೆಸರು ಕಟ್ಟಿಕೊಂಡಿದ್ದರೆ ಸೀಲಿನ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ಮಳೆಗಾಲಕ್ಕೆ ಮುಂಚೆ ಆ ಕೊಳವೆಯ ಕೆಸರು ತೆಗೆದಿಡಬೇಕು, ಹಳ್ಳ ದಾಟುವ ಮೊದಲು ಗಾಡಿಯನ್ನು ಸ್ವಲ್ಪ ಹೊತ್ತು ತಣಿಯಲು ಬಿಡಬೇಕು.

ಬೇಸಿಗೆಯ ನಾಲ್ಕು ತಿಂಗಳು ಫೋರ್‌ವೀಲ್ ಮುಟ್ಟದೆ ಬಿಟ್ಟರೆ ಮುಂದಿನ ಹಲ್ಲು, ಬೇರಿಂಗುಗಳ ಮೇಲಿನ ಆಯಿಲೆಲ್ಲ ತಳಕ್ಕಿಳಿಯುತ್ತದೆ. ಟೊಯೊಟಾ ಪುಸ್ತಕ ತಿಂಗಳಿಗೆ ಕನಿಷ್ಠ 16 ಕಿ.ಮೀ. ಫೋರ್‌ವೀಲಿನಲ್ಲಿ ಓಡಿಸಿ ಎನ್ನುತ್ತದೆ. ತೋಟದ ಮಣ್ಣಿನ ರಸ್ತೆಯಲ್ಲಿ ಕಿಟಕಿ ಇಳಿಸಿ, ರೇಡಿಯೊ ಆರಿಸಿ ಈ ಓಟವನ್ನು ಮಾಡುವುದು ಉತ್ತಮ. ವೇಗದೊಂದಿಗೆ ಏರುವ ಗುಂಯ್‌ಗುಡುವಿಕೆಯೋ, ಗೇರು ಹಾಕಿದಾಗ ಟಕ್ಕೆನ್ನುವ ಸದ್ದೋ ಹೊಸದಾಗಿ ಕೇಳಿಬಂದರೆ ಅಂದಿನ ಮೀಟರ್ ಅಂಕಿಯೊಂದಿಗೆ ಅದನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಟ್ಟು, ಮೆಕ್ಯಾನಿಕ್‌ಗೆ ತೋರಿಸಬೇಕು.