ಅರ್ಧ ಉಪ್ಪಿನ ಉಪ್ಪುಸೊಳೆ: ನಾಲ್ಕನೇ ವರ್ಷ ಕೈಗೆ ಬಂತು

ಕಳೆದ ಸೋಣೆ ತಿಂಗಳಲ್ಲಿ (ತುಳುವರ ಲೆಕ್ಕದಲ್ಲಿ ಆಗಸ್ಟ್-ಸೆಪ್ಟೆಂಬರ್) ಉಪ್ಪುಸೊಳೆಯ, ಎಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನಕಾಯಿ ಸೊಳೆಯ, ಭರಣಿಯ ಬಾಯಿ ಬಿಚ್ಚಿದೆ. ಸೊಳೆ ಗಟ್ಟಿಯಾಗಿತ್ತು, ಬಣ್ಣ ಸ್ವಲ್ಪ ಹಳದಿಗೆ ತಿರುಗಿತ್ತು, ಅಷ್ಟೇ. ಮುರಿದರೆ ಟಕ್ಕೆಂದು ತುಂಡಾಯಿತು. 10 ಕಿಲೊ ಸೊಳೆಗೆ ನಾನು ಹಾಕಿದ್ದು ಸುಮಾರು ಒಂದೂಕಾಲು ಕಿಲೊ ಉಪ್ಪು. ನಮ್ಮ ಮನೆಯ ಹಳೆಯ ಲೆಕ್ಕ ಎರಡೂವರೆ ಕಿಲೊ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯವರಿಗೆ ಉಪ್ಪುಸೊಳೆ ಹಾಕುವುದು ಹೇಗೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಅದನ್ನು ತಿನ್ನುವ ಮೊದಲಿನ ಕಷ್ಟವೂ ಎಲ್ಲರಿಗೂ ಗೊತ್ತು. ರಾತ್ರಿ ನೀರಿಗೆ ಹಾಕಬೇಕು, ಬೆಳಗ್ಗೆಗೆ ನಾಲ್ಕು ಸಲ ನೀರು ಬದಲಿಸಬೇಕು, ಹಿಂಡಬೇಕು. ಉಪ್ಪಿನ ಜೊತೆ ಹಲಸಿನ ರುಚಿಯೂ ತೊಳೆದು ಹೋಗುತ್ತದೆ. ನನ್ನ ಗಂಡನಿಗೆ ಬಿಪಿ ಶುರುವಾದ ಮೇಲೆ ಅವರ ಬಟ್ಟಲಿಗೆ ಉಪ್ಪುಸೊಳೆ ಪಲ್ಯ ಬಡಿಸುವುದನ್ನೇ ಬಿಟ್ಟಿದ್ದೆ. ಅವರಿಗೆ ಅದು ಪ್ರಾಣ. ನಾನು ಹಟ ಹಿಡಿದದ್ದು ಅದಕ್ಕಾಗಿ.

ಅತ್ತೆಯವರಿಗೆ ಹೇಳಿದೆ. "ಉಪ್ಪು ಕಡಿಮೆ ಮಾಡಿದರೆ ನಿಲ್ಲುವುದಿಲ್ಲ ಮಗಳೇ. ಬೇಕಾದರೆ ಸಣ್ಣ ಭರಣಿಯಲ್ಲಿ ಮಾಡಿ ನೋಡು, ದೊಡ್ಡದಕ್ಕೆ ಕೈ ಹಾಕಬೇಡ" ಎಂದರು. ಪಕ್ಕದ ಮನೆಯವರು ಇನ್ನೂ ನೇರ: "ಅಕ್ಕಾ, ಹುಳ ಆದೀತು."

ಮೊದಲ ವರ್ಷ ಹುಳ ಆಗಲಿಲ್ಲ, ಕಳ್ಳಿನ ವಾಸನೆ ಬಂತು. ಮೂರನೇ ವಾರಕ್ಕೆ ನೊರೆ ಉಕ್ಕಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಒದ್ದೆ. ಯೋಚಿಸಿದಾಗ ಗೊತ್ತಾಯಿತು. ಐದು ಕಾಯಿಯಲ್ಲಿ ಒಂದು ಆಗಲೇ ಹಣ್ಣಾಗಲು ತೊಡಗಿತ್ತು. ಸೊಳೆಗೆ ಸಿಹಿ ಇಳಿದಿತ್ತು. ಕೊಯ್ಯುವಾಗಲೇ ನೋಡಿದ್ದೆ, ಒಂದೇ ಅಲ್ವಾ ಎಂದು ಸೇರಿಸಿಬಿಟ್ಟಿದ್ದೆ. ಉಪ್ಪು ಜಾಸ್ತಿ ಇದ್ದರೆ ಆ ತಪ್ಪು ಮುಚ್ಚಿಹೋಗುತ್ತದೆ. ಕಡಿಮೆ ಇದ್ದರೆ ಮುಚ್ಚುವುದಿಲ್ಲ. ಆ ಸಲ ಹೋದದ್ದು ಸುಮಾರು 9 ಕಿಲೊ. ತೆಂಗಿನ ಬುಡಕ್ಕೆ ಹಾಕಿದೆ.

ಎರಡನೇ ವರ್ಷ ಕಾಯಿ ಆರಿಸಿದ್ದು ಸರಿಯಾಗಿತ್ತು. ಪೂರ್ತಿ ಬೆಳೆದ ಬಕ್ಕೆ (ಗಟ್ಟಿ ಸೊಳೆಯ ಹಲಸು), ಮುಳ್ಳು ಅಗಲವಾಗಿ ಹರಡಿದ್ದು, ಆದರೆ ಪರಿಮಳ ಬಾರದ್ದು. ಆಗ ತಪ್ಪಿದ್ದು ಮೇಲಿನ ಭಾರದಲ್ಲಿ. ಹೊಳೆಕಲ್ಲು ಇಟ್ಟಿದ್ದೆ. ಕಲ್ಲಿನ ಸುತ್ತ ಸೊಳೆ ಎದ್ದು ಗಾಳಿಗೆ ಸಿಕ್ಕಿತು. ಮೇಲಿನ ನಾಲ್ಕು ಬೆರಳು ಕಪ್ಪು, ಲೋಳೆ. ಅದನ್ನು ತೆಗೆದು ಕೆಳಗಿನದನ್ನು ಉಳಿಸಿಕೊಳ್ಳೋಣ ಎಂದು ಕೈ ಹಾಕಿದರೆ ಕೆಳಗಿನದಕ್ಕೂ ವಾಸನೆ ಹತ್ತಿತ್ತು.

ಮೂರನೇ ವರ್ಷ ತೊಟ್ಟೆಯ (ಪ್ಲಾಸ್ಟಿಕ್ ಚೀಲದ) ಉಪಾಯ ಹೊಳೆಯಿತು. ದಪ್ಪ ಪ್ಲಾಸ್ಟಿಕ್ ತೊಟ್ಟೆಗೆ ನೀರು ತುಂಬಿ ಬಾಯಿ ಕಟ್ಟಿ ಸೊಳೆಯ ಮೇಲೆ ಕೂರಿಸಿದರೆ ಅದು ಭರಣಿಯ ಆಕಾರಕ್ಕೇ ಹರಡಿ ಕೂರುತ್ತದೆ. ಸುತ್ತ ಎಲ್ಲೂ ಸಂದು ಉಳಿಯುವುದಿಲ್ಲ. ಒಂದೂವರೆ ತಿಂಗಳು ಚಂದ ಇತ್ತು. ಆಮೇಲೆ ತೊಟ್ಟೆ ಎಲ್ಲೋ ತೂತಾಗಿ ಒಳಗಿನ ಸಪ್ಪೆ ನೀರು ಇಳಿಯಿತು. ಉಪ್ಪು ತೆಳುವಾಯಿತು. ಮತ್ತೆ 10 ಕಿಲೊ ಹೋಯಿತು. ಅಂದು ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ಅತ್ತಿದ್ದೆ. ಮೂರು ವರ್ಷದಲ್ಲಿ ಕಾಯಿ ಇಳಿಸಿದವರ ಕೂಲಿ, ಉಪ್ಪು, ಹೊಸ ಭರಣಿ ಎಲ್ಲ ಸೇರಿ 4 ಸಾವಿರದ ಹತ್ತಿರ ಹೋಗಿತ್ತು. ಹಲಸಿನ ಮೇಣ ಮೆತ್ತಿದ ಕೈಯ ಲೆಕ್ಕ ಬೇರೆ.

ನಾಲ್ಕನೇ ವರ್ಷ ಮಾಡಿದ್ದು ಒಂದೇ ಬದಲಾವಣೆ. ತೊಟ್ಟೆಯೊಳಗೂ ಉಪ್ಪುನೀರನ್ನೇ ತುಂಬಿದೆ. ಲೀಟರಿಗೆ 150 ಗ್ರಾಂ ಉಪ್ಪು, ಕುದಿಸಿ ತಣಿಸಿದ ನೀರು. ತೂತಾದರೂ ಇಳಿಯುವುದು ಉಪ್ಪುನೀರೇ. ಎರಡು ತೊಟ್ಟೆ, ಒಂದರೊಳಗೆ ಒಂದು.

ಉಳಿದದ್ದು ಹೀಗೆ. ಸೊಳೆಯನ್ನು ತೊಳೆಯುವುದಿಲ್ಲ, ಬೇಳೆ (ಬೀಜ) ತೆಗೆದು ಒಣಬಟ್ಟೆಯಲ್ಲಿ ಒರೆಸುತ್ತೇನೆ. ಕಲ್ಲುಪ್ಪನ್ನು ಸೊಳೆಗೆ ಮೊದಲೇ ಬೆರೆಸಿ ಅರ್ಧ ಗಂಟೆ ಪಾತ್ರೆಯಲ್ಲೇ ಬಿಡುತ್ತೇನೆ. ಪದರ ಪದರವಾಗಿ ಉದುರಿಸಿದರೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಆಗುತ್ತದೆ. ಆಮೇಲೆ ಮುಷ್ಟಿಯಿಂದ ಒತ್ತಿ ಒತ್ತಿ ತುಂಬುವುದು. ಹಲಸು ಸೌತೆಯ ಹಾಗೆ ನೀರು ಬಿಡುವುದಿಲ್ಲ. ಮರುದಿನ ನೋಡಿ ಸೊಳೆ ಮುಳುಗದಿದ್ದರೆ ಅದೇ 150 ಗ್ರಾಂ ಲೆಕ್ಕದ ಉಪ್ಪುನೀರು ಮುಳುಗುವಷ್ಟು ಎರೆಯಬೇಕು. ತಳಕ್ಕೆ ಒಂದು ಎಲೆ ಹಾಸುತ್ತೇನೆ. ಯಾವ ಎಲೆ ಎಂದು ಇಲ್ಲಿ ಬರೆಯುವುದಿಲ್ಲ. ಅದು ಅತ್ತೆಯವರ ತವರಿನದು, ಹೇಳಬೇಕಾದರೆ ಅವರೇ ಹೇಳಬೇಕು.

ನಡುವೆ ಕೆಲವು ಬೇರೆ ಪ್ರಯೋಗಗಳನ್ನೂ ಮಾಡಿದೆ. ತುಳುವ (ಮೆತ್ತಗಿನ ಸೊಳೆಯ) ಹಲಸಿನ ಸೊಳೆ ಹಾಕಿದೆ, ತಿಂಗಳಿಗೇ ಗಂಜಿ. ಕುದಿಯುವ ನೀರಲ್ಲಿ ಎರಡು ನಿಮಿಷ ಅದ್ದಿ ಹಾಕಿದೆ, ಬಣ್ಣ ಬಹಳ ಚಂದ ಬಂತು, ಆದರೆ ಹಲ್ಲಿಗೆ ಸಿಗುವ ಗಟ್ಟಿತನ ಹೋಯಿತು. ಹಾಗೆ ಅದ್ದಿದ್ದನ್ನು ಬಿಸಿಲಲ್ಲಿ ಒಣಗಿಸಿ ಇಟ್ಟರೆ ಮಾತ್ರ ಸಾಂಬಾರಿಗೆ ಒಳ್ಳೆಯದಾಗುತ್ತದೆ. ಫ್ರೀಜರಿನಲ್ಲಿಟ್ಟ ಹಸಿ ಸೊಳೆ ಕರಗಿದ ಮೇಲೆ ಹತ್ತಿಯ ಹಾಗೆ. ಒಂದು ಬಾಟಲಿಗೆ ಜಜ್ಜಿದ ಗಾಂಧಾರಿ ಮೆಣಸು ಹಾಕಿದ್ದೆ. ಅದು ಗಂಜಿ ಊಟಕ್ಕೆ ಎಷ್ಟು ರುಚಿಯಾಯಿತು ಎಂದರೆ ಈಗ ಪ್ರತಿ ವರ್ಷ ಎರಡು ಬಾಟಲಿ ಬೇರೆಯೇ ಹಾಕುತ್ತೇನೆ.

ಈಗ ಅಡುಗೆಗೆ ತೆಗೆದರೆ ಎರಡು ಗಂಟೆ ನೆನೆಸಿ, ಒಮ್ಮೆ ನೀರು ಬದಲಿಸಿ, ಹಿಂಡಿದರೆ ಸಾಕು. ರೊಟ್ಟಿಗೆ ನೆನೆಸಿದ ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿಯ ಜೊತೆ ತರಿತರಿಯಾಗಿ ಅರೆಯುತ್ತೇನೆ. ಹಿಟ್ಟಿಗೆ ಬೇರೆ ಉಪ್ಪು ಬೇಡವೇ ಬೇಡ. ಬಾಳೆಎಲೆಯಲ್ಲಿ ತಟ್ಟಿ ಕಾವಲಿಗೆ ಕವುಚಿ ಹಾಕಿ, ಎಲೆ ಬಾಡಿದ ಮೇಲೆ ಎಳೆದು ತೆಗೆಯುವುದು. ಉಂಡ್ಲಕಾಳಿಗೆ (ಅರೆದ ಸೊಳೆಯ ಸಣ್ಣ ಉಂಡೆ ಕಟ್ಟಿ ಎಣ್ಣೆಯಲ್ಲಿ ಕರಿದದ್ದು) ಮಾತ್ರ ತೆಂಗಿನಕಾಯಿ ಕಡಿಮೆ ಹಾಕಿ, ಇಲ್ಲದಿದ್ದರೆ ಎಣ್ಣೆ ಕುಡಿಯುತ್ತದೆ. ಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ. ಗಂಡನಿಗೆ ಈಗ ವಾರಕ್ಕೊಮ್ಮೆ ಬಡಿಸುತ್ತೇನೆ, ಅದೂ ಅಂದಿನ ಸಾರಿಗೆ ಉಪ್ಪು ಕಡಿಮೆ ಹಾಕಿ.

2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣೆಂದು ಸಾರಿತು. ಆ ವರ್ಷವೂ ನಮ್ಮ ತೋಟದಲ್ಲಿ ಹಣ್ಣು ಬಿದ್ದು ಕೊಳೆಯುತ್ತಿತ್ತು. ಅದನ್ನು ನೋಡಿ ಸಂಕಟವಾಗುತ್ತಿತ್ತು. ಕಳೆದ ವರ್ಷ 14 ಕಾಯಿ ಇಳಿಸಿದೆವು, ಹತ್ತಿರ ಹತ್ತಿರ 40 ಕಿಲೊ ಸೊಳೆ ಆಯಿತು. ಇಳಿಸಿದ ಕೂಲಿ 700, ಉಪ್ಪು ನೂರು ಚಿಲ್ಲರೆ, ಸೊಳೆ ಬಿಡಿಸಲು ಬಂದ ಇಬ್ಬರಿಗೆ 1,200. ಮನೆಗೆ ಬೇಕಾದ್ದು ಇಟ್ಟುಕೊಂಡು 18 ಕಿಲೊ ಮಾರಿದೆ. ಮಂಗಳೂರಿನ ನೆಂಟರು, ಅವರ ಪರಿಚಯದವರು, ಕಿಲೊಗೆ 160ರಂತೆ. ಹಳೆಯ ನಷ್ಟ ಪೂರ್ತಿ ತುಂಬಿಲ್ಲ, ಈ ವರ್ಷ ತುಂಬುತ್ತದೆ. ಹುಳ ಆದೀತು ಎಂದ ಪಕ್ಕದ ಮನೆಯವರೇ 3 ಕಿಲೊ ಕೊಂಡರು. ಅತ್ತೆಯವರು ಪುತ್ತೂರಿನ ತಂಗಿಗೆ ಕಳಿಸಲು ದೊಡ್ಡ ಡಬ್ಬಿಯನ್ನೇ ತಂದು ಎದುರಿಟ್ಟರು.

ಈ ಸಲ ಸಣ್ಣ ಭರಣಿಯಲ್ಲಿ 5 ಕಿಲೊಗೆ ಅರ್ಧವೇ ಕಿಲೊ ಉಪ್ಪು ಹಾಕಿ ಇಟ್ಟಿದ್ದೇನೆ. ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆಯಿತು. ಮೊನ್ನೆ ಮೂಗು ಹತ್ತಿರ ಹಿಡಿದು ನೋಡಿದೆ, ವಾಸನೆ ಸರಿಯಾಗಿಯೇ ಇದೆ.