ಗೇಣುದ್ದದ ಉಲ್ಲನ್ ತುಂಡುಗಳಿಂದ ಚಿತ್ರ: ಹೆಣೆಯಬೇಡಿ, ಅಂಟಿಸಿ

ಹೆಣಿಗೆ ಹಾಕುವವರ ಹತ್ತಿರ ಒಂದು ಚೀಲ ಇದ್ದೇ ಇರುತ್ತದೆ. ಸ್ವೆಟರ್ ಮುಗಿದ ಮೇಲೆ ಉಳಿದ ಪುಟ್ಟ ಉಂಡೆ, ಬಣ್ಣ ಬದಲಿಸುವಾಗ ಕತ್ತರಿಸಿದ ತುದಿ, ತಪ್ಪಾಯ್ತು ಅಂತ ಬಿಚ್ಚಿ ಸುರುಳಿಸುರುಳಿಯಾದ ದಾರ, ಎಲ್ಲ ಅದರೊಳಗೆ. ಎಸೆಯಲು ಮನಸ್ಸು ಬಾರದು, ಹೆಣೆಯಲು ಸಾಲದು.

ಎಲ್ಲವನ್ನೂ ಗಂಟು ಹಾಕಿ ಬಣ್ಣಬಣ್ಣದ ಹೊದಿಕೆ ಮಾಡಿ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನೂ ಒಮ್ಮೆ ಅದನ್ನೇ ಮಾಡಲು ಹೊರಟಿದ್ದೆ. ಪ್ರತಿ ಗಂಟಿಗೂ ಎರಡು ಬಾಲ. ಆ ಬಾಲಗಳನ್ನು ಕತ್ತರಿಸಿ ಎಲ್ಲಿ ಹಾಕಿದೆ ಹೇಳಿ? ಅದೇ ಚೀಲಕ್ಕೆ! ಗೇಣುದ್ದದ ದಾರ ಹೆಣಿಗೆಗೆ ಆಗಿಬರುವುದಿಲ್ಲ, ಅದನ್ನು ಬಣ್ಣದ ಗೆರೆ ಅಂದುಕೊಂಡು ಚಿತ್ರಕ್ಕೆ ಬಳಸಿದರೆ ಬಹಳ ಚೆನ್ನ ಅಂತ ಆಮೇಲೆ ಗೊತ್ತಾಯಿತು.

ಮೆಕ್ಸಿಕೋದ ಹುಯಿಚೋಲ್ ಜನ ಇದರಲ್ಲಿ ಪಳಗಿದವರು. ಮರದ ಹಲಗೆಗೆ ಜೇನುಮೇಣ ಬಳಿದು, ಅದು ಮೆತ್ತಗಿರುವಾಗ ದಾರವನ್ನು ಬೆರಳಿನಿಂದ ಒಂದೊಂದೇ ಗೆರೆಯಾಗಿ ಒತ್ತುತ್ತಾ ಹೋಗುತ್ತಾರೆ. ಹಲಗೆ ಒಂದಿಷ್ಟೂ ಕಾಣದ ಹಾಗೆ ತುಂಬಿಬಿಡುತ್ತಾರೆ. ನಾವು ಮೇಣದ ಬದಲು ಅಂಟು ಬಳಸೋಣ, ಅಷ್ಟೇ ವ್ಯತ್ಯಾಸ.

ಎಷ್ಟು ದಾರ ಬೇಕು ಅಂತ ಮೊದಲು ಲೆಕ್ಕ ಹಾಕೋಣ. 20 ಸೆಂಟಿಮೀಟರ್ ಉದ್ದಗಲದ ಚೌಕ ಇಟ್ಟುಕೊಳ್ಳಿ. ದಾರದ ದಪ್ಪ ಎರಡೂವರೆ ಮಿಲಿಮೀಟರ್ ಇದ್ದರೆ, ಪಕ್ಕಪಕ್ಕ 80 ಗೆರೆ ಹಿಡಿಯುತ್ತದೆ. ಗೆರೆಗೆ 20 ಸೆಂಟಿಮೀಟರ್, ಒಟ್ಟು 16 ಮೀಟರ್. ತೂಕದಲ್ಲಿ ಹತ್ತು ಗ್ರಾಂ ಕೂಡ ಆಗಲಾರದು. ಕೇಳಲು ಕಡಿಮೆ ಅನಿಸಿದರೂ ಕೂತು ಅಂಟಿಸುವಾಗ 16 ಮೀಟರ್ ಅಂದರೇನು ಅಂತ ಗೊತ್ತಾಗುತ್ತದೆ, ಹಾಗಾಗಿ ಮೊದಲ ಸಲ ಇದಕ್ಕಿಂತ ದೊಡ್ಡದಕ್ಕೆ ಕೈ ಹಾಕಬೇಡಿ.

ಈಗ ಚೀಲ ಸುರಿದು ದಾರ ವಿಂಗಡಿಸಿ. ಎಲ್ಲರೂ ಬಣ್ಣದ ಪ್ರಕಾರ ವಿಂಗಡಿಸಲು ಶುರು ಮಾಡುತ್ತಾರೆ. ಮೊದಲು ದಪ್ಪ ನೋಡಿ. ದಪ್ಪದ ದಾರದ ಪಕ್ಕ ತೆಳುವಾದದ್ದು ಬಂದರೆ ಚಿತ್ರ ಉಬ್ಬುತಗ್ಗಾಗುತ್ತದೆ. ಆಮೇಲೆ ಬಣ್ಣ. ಯಾವುದು ತಿಳಿ, ಯಾವುದು ಗಾಢ ಅಂತ ಕಣ್ಣಿಗೆ ಗೊಂದಲವಾದರೆ ಎಲ್ಲವನ್ನೂ ಸಾಲಾಗಿ ಇಟ್ಟು ಮೊಬೈಲ್‌ನಲ್ಲಿ ಕಪ್ಪುಬಿಳುಪು ಫೋಟೋ ತೆಗೆಯಿರಿ. ಕೆಂಪೂ ಹಸಿರೂ ಒಂದೇ ಬೂದು ಬಣ್ಣದಲ್ಲಿ ಬಂದರೆ, ಚಿತ್ರದಲ್ಲಿ ಅವೆರಡು ಪಕ್ಕಪಕ್ಕ ಇದ್ದಾಗ ದೂರದಿಂದ ಆಕಾರ ಕಲಸಿಹೋಗುತ್ತದೆ. ಬಿಚ್ಚಿದ ಸುರುಳಿ ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ನೀರು ಚಿಮುಕಿಸಿ ಒಣಗಲು ಬಿಟ್ಟರೆ ಸಾಕಷ್ಟು ನೆಟ್ಟಗಾಗುತ್ತದೆ. ಇಸ್ತ್ರಿಪೆಟ್ಟಿಗೆ ಮಾತ್ರ ಬೇಡ, ಅಕ್ರಿಲಿಕ್ ಅನ್ನುವ ಕೃತಕ ದಾರ ಬಿಸಿಗೆ ಪುಟಿತ ಕಳೆದುಕೊಂಡು ಚಪ್ಪಟೆಯಾಗುತ್ತದೆ. ಒಂದು ಇಂಚಿಗಿಂತ ಚಿಕ್ಕ ಚೂರುಗಳನ್ನು ಬೇರೆ ಡಬ್ಬಿಗೆ ಹಾಕಿಡಿ, ಅವುಗಳಿಗೂ ಕೆಲಸ ಇದೆ.

ಹಲಗೆಯ ವಿಷಯದಲ್ಲಿ ನಾನು ಚೆನ್ನಾಗಿ ಪೆಟ್ಟು ತಿಂದಿದ್ದೇನೆ. ನನ್ನ ಮೊದಲ ಚಿತ್ರ ಒಂದು ಮೀನು. ಪಾರ್ಸೆಲ್ ಬಂದ ಡಬ್ಬದ ರಟ್ಟಿನ ಮೇಲೆ ಮಾಡಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ರಟ್ಟು ದೋಣಿಯ ಹಾಗೆ ಬಾಗಿ ನಿಂತಿತ್ತು, ಒಳಗೆ ಮೀನು. ಕಾರಣ ಸುಲಭ: ಅಂಟಿನಲ್ಲಿ ನೀರಿದೆ, ಒಂದೇ ಮುಖಕ್ಕೆ ಬಳಿದರೆ ಆ ಮುಖ ಹಿಗ್ಗಿ, ಒಣಗುವಾಗ ಕುಗ್ಗಿ ಎಳೆಯುತ್ತದೆ. 3 ಮಿಲಿಮೀಟರ್ ದಪ್ಪದ ಪ್ಲೈವುಡ್ ತುಂಡು ಸಿಕ್ಕರೆ ಚಿಂತೆ ಇಲ್ಲ. ರಟ್ಟೇ ಗತಿ ಅಂದರೆ ಎರಡು ರಟ್ಟನ್ನು, ಒಳಗಿನ ಅಲೆಅಲೆಯಾದ ಮಡಿಕೆಗಳು ಒಂದರಲ್ಲಿ ಅಡ್ಡ, ಇನ್ನೊಂದರಲ್ಲಿ ಉದ್ದ ಬರುವ ಹಾಗೆ ಅಂಟಿಸಿ, ಹಿಂಬದಿಗೂ ಒಂದು ಕಾಗದ ಅಂಟಿಸಿ. ಎರಡೂ ಕಡೆ ಎಳೆತ ಸಮ ಆದರೆ ಬಾಗುವುದಿಲ್ಲ.

ಪೆನ್ಸಿಲ್‌ನಲ್ಲಿ ಚಿತ್ರ ಬರೆಯಿರಿ. ಎಲೆ, ಚಂದ್ರ, ಹಕ್ಕಿ, ಮಡಕೆ, ಇಂಥ ದೊಡ್ಡ ಸರಳ ಆಕಾರ ಸಾಕು. ಮನುಷ್ಯರ ಮುಖ ಈಗಲೇ ಬೇಡ, ನನ್ನ ಮಾತು ಕೇಳಿ. ಬರೆದ ಮೇಲೆ ಆಯಾ ಜಾಗಕ್ಕೆ ಬರುವ ದಾರದ ಬಣ್ಣವನ್ನೇ ಹೋಲುವ ಪೇಂಟ್ ಅಥವಾ ಸ್ಕೆಚ್ ಪೆನ್ ತೆಳ್ಳಗೆ ಬಳಿದುಬಿಡಿ, ಸಂದಿಯಲ್ಲಿ ಹಲಗೆ ಇಣುಕಿದರೂ ಗೊತ್ತಾಗುವುದಿಲ್ಲ.

ಅಂಟು ಅಂದರೆ ಮರಗೆಲಸಕ್ಕೆ ಬಳಸುವ ಬಿಳಿ ಅಂಟು. ಎರಡು ಬೆರಳಗಲ ಜಾಗಕ್ಕೆ ಮಾತ್ರ ಬ್ರಷ್‌ನಿಂದ ತೆಳ್ಳಗೆ ಬಳಿಯಿರಿ. ಇಡೀ ಹಲಗೆಗೆ ಒಮ್ಮೆಲೇ ಬಳಿದರೆ ಅರ್ಧ ಮುಗಿಯುವಷ್ಟರಲ್ಲಿ ಉಳಿದರ್ಧ ಒಣಗಿರುತ್ತದೆ. ಒತ್ತಿದಾಗ ದಾರದ ಮೇಲೆ ಬೆಳ್ಳಗೆ ಉಕ್ಕಿ ಬಂತಾ? ಜಾಸ್ತಿ ಆಯಿತು ಅಂತ ಅರ್ಥ. ಒಣಗಿದ ಮೇಲೆ ಅದು ಕಾಣದಿದ್ದರೂ ದಾರ ಪ್ಲಾಸ್ಟಿಕ್ ಥರ ಗಟ್ಟಿಯಾಗಿ ಹೊಳೆಯುತ್ತದೆ. ಒದ್ದೆ ಬಟ್ಟೆ ಪಕ್ಕದಲ್ಲೇ ಇರಲಿ, ಐದು ನಿಮಿಷಕ್ಕೊಮ್ಮೆ ಬೆರಳು ಒರೆಸಿಕೊಳ್ಳದಿದ್ದರೆ ದಾರ ಹಲಗೆ ಬಿಟ್ಟು ನಿಮ್ಮನ್ನೇ ಹಿಡಿದುಕೊಳ್ಳುತ್ತದೆ.

ಮೊದಲು ಆಕಾರದ ಹೊರಗೆರೆ ಕೂರಿಸಿ, ಆಮೇಲೆ ಒಳಗೆ ತುಂಬಿ. ದಾರವನ್ನು ಎಳೆದು ಅಂಟಿಸಬೇಡಿ. ಎಳೆದದ್ದು ಆಮೇಲೆ ಕುಗ್ಗಿ, ತಿರುವು ಇರುವ ಕಡೆ ಎದ್ದು ಬರುತ್ತದೆ. ಸುಮ್ನೆ ಇಡಿ, ಹಲ್ಲುಕಡ್ಡಿಯ ತುದಿಯಿಂದ ಪಕ್ಕದ ಗೆರೆಗೆ ಒತ್ತಿ ಸರಿಸಿ. ಅಳತೆ ಮಾಡಿ ಮೊದಲೇ ಕತ್ತರಿಸುವುದಕ್ಕಿಂತ ಇಟ್ಟ ಮೇಲೆ ಕತ್ತರಿಸುವುದು ಒಳ್ಳೆಯದು. ತುಂಡು ಮುಗಿದು ಇನ್ನೊಂದು ಶುರುವಾಗುವ ಕಡೆ ಎರಡನ್ನೂ ಓರೆಯಾಗಿ ಕತ್ತರಿಸಿ ಕೂಡಿಸಿದರೆ ಜೋಡಣೆ ಕಾಣುವುದಿಲ್ಲ. ಗೋಡೆಗೆ ಇಟ್ಟಿಗೆ ಕಟ್ಟಿದ ಹಾಗೆ, ಪಕ್ಕದ ಗೆರೆಯ ಜೋಡಣೆ ಬೇರೆ ಜಾಗದಲ್ಲಿ ಬರಲಿ.

ಮಜಾ ಇರುವುದು ದಾರ ಯಾವ ದಿಕ್ಕಿಗೆ ಓಡುತ್ತದೆ ಅನ್ನುವುದರಲ್ಲಿ. ಒಂದೇ ಉಂಡೆಯ ದಾರವನ್ನು ಅಡ್ಡ ಇಟ್ಟರೆ ಒಂದು ಬಣ್ಣ, ಉದ್ದ ಇಟ್ಟರೆ ಇನ್ನೊಂದು ಬಣ್ಣ ಅನಿಸುತ್ತದೆ. ಬೆಳಕು ಬೀಳುವ ರೀತಿಯೇ ಬೇರೆ ಅಲ್ವಾ? ಒಂದು ಎಲೆ ಮಾಡಿ ನೋಡಿ. ಎಡ ಅರ್ಧದ ಗೆರೆಗಳು ಎಡಕ್ಕೆ ಓರೆ, ಬಲ ಅರ್ಧದವು ಬಲಕ್ಕೆ ಓರೆ, ಎರಡೂ ಅದೇ ಹಸಿರು. ನಡುವಿನ ನರ ನೀವು ಹಾಕದೆಯೇ ಮೂಡಿಬಿಡುತ್ತದೆ. ಚಂದ್ರನಿಗೆ ಸುರುಳಿ, ಆದರೆ ಅಂಚಿನಿಂದ ಶುರು ಮಾಡಿ ಒಳಗೆ ಬನ್ನಿ. ನಡುವಿನಿಂದ ಹೊರಟರೆ ಅಂಚು ತಲುಪುವಷ್ಟರಲ್ಲಿ ವೃತ್ತ ಸೊಟ್ಟ ಆಗಿರುತ್ತದೆ. ನೀರಿಗೆ ಅಲೆ. ಆಕಾಶಕ್ಕೆ ನೆಟ್ಟಗೆ ಅಡ್ಡಗೆರೆ ಹಾಕಿದರೆ ಸಪ್ಪೆ, ಹಕ್ಕಿಯ ಹೊರಗೆರೆಯನ್ನೇ ಹಿಂಬಾಲಿಸುತ್ತಾ ಸುತ್ತ ಹರಡಿಕೊಂಡು ಹೋದರೆ ಗಾಳಿ ಬೀಸಿದ ಹಾಗೆ ಕಾಣುತ್ತದೆ. ಬಣ್ಣ ನಾಲ್ಕೇ ಇದ್ದರೂ ಚಿಂತೆ ಇಲ್ಲ.

ಬಣ್ಣ ಸಾಲದೆ ಬಂದರೂ ದಾರಿ ಇದೆ. ನೀಲಿ ಒಂದೆಳೆ, ಬಿಳಿ ಒಂದೆಳೆ ಸೇರಿಸಿ ನುಲಿಯಿರಿ, ದೂರದಿಂದ ತಿಳಿನೀಲಿ ಕಾಣುತ್ತದೆ. ಕಣ್ಣು, ಮೀಸೆ, ಹೂವಿನ ಕೇಸರದಂಥ ಸಣ್ಣ ಗೆರೆ ಬೇಕಾದಾಗ ದಾರದ ನುಲಿ ಬಿಚ್ಚಿದರೆ ಒಳಗೆ ಎರಡೋ ನಾಲ್ಕೋ ತೆಳು ಎಳೆ ಸಿಗುತ್ತವೆ. ಅದರಲ್ಲಿ ಒಂದು ಸಾಕು. ಬಾಚಣಿಗೆಯಿಂದ ಹಿಂಜಿದರೆ ಹತ್ತಿಯ ಹಾಗೆ ಉಬ್ಬಿ ಮೋಡಕ್ಕೆ ಬರುತ್ತದೆ.

ಡಬ್ಬಿಗೆ ಹಾಕಿಟ್ಟ ಚೂರುಗಳನ್ನು ಕೊನೆಗೆ ತೆಗೆಯಿರಿ. ಕತ್ತರಿಯಿಂದ ಇನ್ನೂ ಸಣ್ಣಗೆ, ಹೆಚ್ಚುಕಡಿಮೆ ಪುಡಿಯಾಗುವಷ್ಟು ಕತ್ತರಿಸಿ, ಅಂಟು ಬಳಿದ ಜಾಗದ ಮೇಲೆ ಉದುರಿಸಿ, ಮೇಲೊಂದು ಕಾಗದ ಇಟ್ಟು ಒತ್ತಿ. ಒಣಗಿದ ಮೇಲೆ ಹಲಗೆ ಬೋರಲು ಹಾಕಿ ತಟ್ಟಿದರೆ ಅಂಟದ್ದು ಉದುರುತ್ತದೆ. ಹುಲ್ಲು, ಪಾಚಿ, ಕುರಿಯ ಮೈ, ಇದಕ್ಕೆಲ್ಲ ಇದೇ ಸರಿ. ಇಷ್ಟಾದ ಮೇಲೂ ಮಿಕ್ಕಿದ್ದು ಸೂಜಿ ಚುಚ್ಚಿಡುವ ಪುಟ್ಟ ದಿಂಬಿನ ಒಳಗೆ ಹೋಗಲಿ. ಹಕ್ಕಿಗಳು ಗೂಡು ಕಟ್ಟಿಕೊಳ್ಳಲಿ ಅಂತ ಹೊರಗೆ ಇಡಬೇಡಿ, ದಾರ ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಒಂದು ದಿನ ಪೂರ್ತಿ ಮಲಗಿಸಿಯೇ ಒಣಗಿಸಿ. ಮೇಲೆ ವಾರ್ನಿಷ್ ಹೊಡೆಯಬೇಡಿ, ದಾರದ ನಯವಾದ ರೋಮವೆಲ್ಲ ಅಂಟಿಕೊಂಡು ಸೊಗಸು ಹೋಗುತ್ತದೆ. ನೇರ ಬಿಸಿಲು ಬೀಳದ ಗೋಡೆ ನೋಡಿ, ಬಣ್ಣ ಮಾಸುವುದು ನಿಧಾನ ಆಗುತ್ತದೆ. ಧೂಳಿಗೆ ಮೆತ್ತನೆ ಒಣ ಬ್ರಷ್.

ಹಾಂ, ತೂಗುಹಾಕುವ ಕೊಕ್ಕೆಯನ್ನು ದಾರ ಅಂಟಿಸುವ ಮೊದಲೇ ಹಲಗೆಯ ಹಿಂದೆ ಹೊಡೆದಿರಬೇಕು. ಈ ಮಾತನ್ನು ಮೇಲೆ ಹಲಗೆಯ ಜೊತೆಗೇ ಬರೆಯಬೇಕಿತ್ತು, ಆದರೆ ನನಗೂ ಪ್ರತಿ ಸಲ ಇದು ನೆನಪಾಗುವುದು ಚಿತ್ರ ಮುಗಿಸಿ, ಸುತ್ತಿಗೆ ಕೈಗೆ ತೆಗೆದುಕೊಂಡ ಮೇಲೆಯೇ.