ಬ್ರೇಕ್ ದೀಪದಲ್ಲಿ ಅಡಗಿದ್ದ ಕಿಡಿ

ಆಸ್ಟ್ರಿಯಾದ ಸ್ಟೈರ್-ಡೈಮ್ಲರ್-ಪುಖ್ ಕಂಪನಿ ತಯಾರಿಸಿದ 1978ರ ಪುಖ್ ಮ್ಯಾಕ್ಸಿ ಮೊಪೆಡ್ ಒಂದು ಅಮೆರಿಕದ ಓಹಾಯೊದ ನನ್ನ ಗ್ಯಾರೇಜಿಗೆ ಬಂದಾಗ ಅದರ ಎಂಜಿನ್ ಜಾಮ್ ಆಗಿರಲಿಲ್ಲ. ಆದರೆ ಸ್ಪಾರ್ಕ್ ಪ್ಲಗ್ಗಿನಲ್ಲಿ ಪೆಟ್ರೋಲ್ ಹೊತ್ತಿಸುವ ಕಿಡಿಯ ಸುಳಿವೇ ಇರಲಿಲ್ಲ. 1969ರಲ್ಲಿ ಹೊರಬಂದ ಈ ಮಾದರಿ, 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದ ರಾಜ್ಯಗಳು ಮೊಪೆಡ್‌ಗಳಿಗೆಂದೇ ಸಡಿಲ ನಿಯಮಗಳನ್ನು ಮಾಡತೊಡಗಿದಾಗ ಹಡಗೇರಿ ಇಲ್ಲಿಗೆ ಬಂದಿತ್ತು. ಊರಿನಲ್ಲಿ ಲೂನಾ ತುಳಿದು ಬೆಳೆದವನಿಗೆ (ಅದರ ಮೂಲವೂ ಇಟಲಿಯ ಪಿಯಾಜಿಯೊ ಚಾವ್ ತಾನೆ) ಇದನ್ನು ಬಿಚ್ಚಲು ಅಳುಕಾಗಲಿಲ್ಲ.

ಮ್ಯಾಕ್ಸಿಗೆ ಪ್ರತ್ಯೇಕ ಟ್ಯಾಂಕ್ ಇಲ್ಲ. ಉಕ್ಕಿನ ತಗಡಿನ ಚಾಸಿಸ್ಸಿನ ಹೊಟ್ಟೆಯಲ್ಲೇ ಪೆಟ್ರೋಲ್ ನಿಲ್ಲುತ್ತದೆ. ಒಳಗಿನ ತುಕ್ಕು ತೆಗೆಯಲು ಎಂಜಿನ್ ಮತ್ತು ಚಕ್ರಗಳನ್ನು ಕಳಚಿ, ವಿನೆಗರ್ ತುಂಬಿ ಎರಡು ದಿನ ಬಿಟ್ಟು, ಚಾಸಿಸ್ಸನ್ನೇ ಎತ್ತಿ ಕುಲುಕಬೇಕಾಯಿತು. ಸೊಂಟ ಅದನ್ನು ಇನ್ನೂ ಮರೆತಿಲ್ಲ.

ಕಿಡಿಗಾಗಿ ಪುಲ್ಲರ್ ಎಂಬ ಎಳೆಯುವ ಸಾಧನ ಹಾಕಿ ಎಂಜಿನ್ ಬದಿಯ ಫ್ಲೈವೀಲ್ ಚಕ್ರ ಕಳಚಿದೆ, ಪಾಯಿಂಟ್ಸ್ (ಕಿಡಿಯ ಕ್ಷಣಕ್ಕೆ ತೆರೆದುಕೊಳ್ಳುವ ಸಂಪರ್ಕ ತುದಿಗಳು) ಉಜ್ಜಿ 0.4 ಮಿ.ಮೀ. ಅಂತರಕ್ಕೆ ಕೂರಿಸಿದೆ, ಆ ತುದಿಗಳು ಸುಡದಂತೆ ಕಾಯುವ ಕಂಡೆನ್ಸರ್ ಬದಲಾಯಿಸಿದೆ, ಫಲ ಶೂನ್ಯ. ಕೊನೆಗೆ ವೈರಿಂಗ್ ನಕ್ಷೆಯನ್ನು ಬೆರಳಿಟ್ಟು ಓದಿದಾಗ ಗುಟ್ಟು ಬಯಲಾಯಿತು. ಅಮೆರಿಕಕ್ಕೆ ಕಳುಹಿಸಿದ ಈ ಗಾಡಿಗಳಲ್ಲಿ, ಬಾಷ್ ಕಂಪನಿಯ ಮ್ಯಾಗ್ನೆಟೊದ (ಎಂಜಿನ್ ತಿರುಗಿದಾಗ ವಿದ್ಯುತ್ ಹುಟ್ಟಿಸುವ ಭಾಗ) ಒಳಗೆ ಕಿಡಿಗೆ ವಿದ್ಯುತ್ ಒದಗಿಸುವ ಕಾಯಿಲ್‌ನ ತುದಿ ನೇರವಾಗಿ ಎಂಜಿನ್ನಿನ ಲೋಹಕ್ಕೆ ಸೇರಿ ಅರ್ಥ್ (ವಿದ್ಯುತ್ತು ಮರಳುವ ದಾರಿ) ಆಗಿರುವುದಿಲ್ಲ. ಅದು ಹ್ಯಾಂಡಲ್‌ನಲ್ಲಿರುವ ಬ್ರೇಕ್ ಸ್ವಿಚ್ಚುಗಳ ಮೂಲಕ ಅರ್ಥ್ ಸೇರುತ್ತದೆ. ಬ್ರೇಕ್ ಹಿಡಿದಾಗ ಸ್ವಿಚ್ ತೆರೆದುಕೊಂಡು ಅದೇ ವಿದ್ಯುತ್ತು ಬ್ರೇಕ್ ಬಲ್ಬಿನ ದಾರಿ ಹಿಡಿಯುತ್ತದೆ, ದೀಪ ಉರಿಯುತ್ತದೆ. ಹಾಗಾಗಿ ಬಲ್ಬು ಸುಟ್ಟಿದ್ದರೆ ಬ್ರೇಕ್ ಹಿಡಿದೊಡನೆ ಎಂಜಿನ್ನೇ ನಿಲ್ಲುತ್ತದೆ. ನನ್ನ ಗಾಡಿಯಲ್ಲಿ ಬಲ್ಬೂ ಸುಟ್ಟಿತ್ತು, ಸ್ವಿಚ್ಚಿನ ಸಂಪರ್ಕಗಳೂ ಕಿಲುಬು ಹಿಡಿದಿದ್ದವು. ವಿದ್ಯುತ್ತಿಗೆ ಎರಡೂ ದಾರಿ ಮುಚ್ಚಿದ್ದವು. ಇದನ್ನು ಜಾಣತನವೆನ್ನಬೇಕೋ ಜಿಪುಣತನವೆನ್ನಬೇಕೋ, ನಾನು ಎರಡನೆಯದರ ಪಕ್ಷ.

ಪರೀಕ್ಷೆಗೆಂದು ಆ ತಂತಿಯನ್ನು ಸ್ವಿಚ್ಚುಗಳಿಂದ ಬಿಡಿಸಿ ಎಂಜಿನ್ನಿಗೆ ತಾಗಿಸಿ ಪೆಡಲ್ ತುಳಿದಾಗ ನೀಲಿ ಕಿಡಿ ಚಟಪಟಗುಟ್ಟಿತು. ಬಳಿಕ ಸ್ವಿಚ್ಚುಗಳನ್ನು ಮರಳು ಕಾಗದದಿಂದ ಉಜ್ಜಿ, 6 ವೋಲ್ಟ್ 10 ವ್ಯಾಟ್‌ನ ಹೊಸ ಬಲ್ಬು ಹಾಕಿ, ತಂತಿಯನ್ನು ಮೊದಲಿನಂತೆಯೇ ಜೋಡಿಸಿದೆ.

ಬಿಂಗ್ ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರ) ತೊಳೆದು, ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟು-ಸ್ಟ್ರೋಕ್ ಎಣ್ಣೆ ಬೆರೆಸಿದೆ. ಎಡಗೈಯ ಸ್ಟಾರ್ಟರ್ ಲಿವರ್ ಒತ್ತಿದರೆ ಕ್ಲಚ್ ಕಚ್ಚಿಕೊಂಡು ಪೆಡಲಿನ ತಿರುವು ಎಂಜಿನ್ನಿನ ಕ್ರ್ಯಾಂಕ್ ದಂಡಕ್ಕೆ ತಲುಪುತ್ತದೆ. ನಾಲ್ಕನೆಯ ತುಳಿತಕ್ಕೆ 49 ಸಿಸಿಯ ಎಂಜಿನ್ ಹೊಗೆಯುಗುಳುತ್ತ ಎದ್ದಿತು. ಒಡನೆ ಬ್ರೇಕ್ ಹಿಡಿದು ನೋಡಿದೆ. ದೀಪ ಹೊತ್ತಿತು, ಎಂಜಿನ್ ನಿಲ್ಲಲಿಲ್ಲ. ಈಗ ಉಪಕರಣದ ಚೀಲದಲ್ಲಿ ಪ್ಲಗ್ಗಿನ ಪಕ್ಕದಲ್ಲೇ ಒಂದು ಬ್ರೇಕ್ ಬಲ್ಬನ್ನೂ ಇಟ್ಟುಕೊಂಡಿರುತ್ತೇನೆ.